ನೋವಿಗೆ 15 ಹೆಸರು ಕೊಟ್ಟ ಹಕೀಂ ಇಬ್ನು ಸೀನಾ

ಬುಖಾರಾ ಎಂಬ ಹೆಸರು ಕೇಳಿದ ಕೂಡಲೇ ಮದ್ರಸದ ಮೆಟ್ಟಿಲು ಹತ್ತಿದ ಯಾರಿಗಾದರೂ ಮೊದಲು ನೆನಪಾಗುವುದು ಇಮಾಮ್ ಬುಖಾರಿ. ಅವರು ವಫಾತ್ ಆಗಿ 110 ವರ್ಷ ಕಳೆದ ಮೇಲೆ, ಅಂದರೆ ಕ್ರಿ.ಶ. 980ರಲ್ಲಿ, ಅದೇ ಬುಖಾರಾದ ಹತ್ತಿರದ ಅಫ್ಶನಾ ಎಂಬ ಹಳ್ಳಿಯಲ್ಲಿ ಇನ್ನೊಂದು ಮಗು ಹುಟ್ಟಿತು. ಹೆಸರು ಹುಸೈನ್. ತಂದೆ ಅಬ್ದುಲ್ಲಾ ಬಲ್ಖ್‌ನವರು, ಸಾಮಾನಿ ದೊರೆಗಳ ಕೈಕೆಳಗೆ ಆ ಸೀಮೆಯ ಆಡಳಿತ ನೋಡಿಕೊಳ್ಳುತ್ತಿದ್ದ ಅಧಿಕಾರಿ. ತಾಯಿ ಸಿತಾರಾ ಅಫ್ಶನಾದವರೇ. ಆ ಹುಡುಗನನ್ನೇ ಮುಂದೆ ಲೋಕ ಇಬ್ನು ಸೀನಾ ಎಂದು ಕರೆಯಿತು, ಯುರೋಪಿನವರು ಅವಿಸೆನ್ನಾ ಅಂದರು.

ಹತ್ತು ವರ್ಷಕ್ಕೆ ಕುರ್‌ಆನ್ ಕಲಿತು ಮುಗಿಸಿದ್ದ ಹುಡುಗನನ್ನು ತಂದೆ ಲೆಕ್ಕ ಕಲೀಲಿಕ್ಕೆ ಕಳಿಸಿದ್ದು ಯಾವ ದೊಡ್ಡ ವಿದ್ವಾಂಸರ ಬಳಿಗೂ ಅಲ್ಲ, ಒಬ್ಬ ತರಕಾರಿ ವ್ಯಾಪಾರಿಯ ಹತ್ತಿರ. ಆ ವ್ಯಾಪಾರಿಗೆ ಹಿಂದೂಸ್ಥಾನದ ಲೆಕ್ಕದ ಕ್ರಮ ಚೆನ್ನಾಗಿ ಗೊತ್ತಿತ್ತು. ಇಷ್ಟು ದೊಡ್ಡ ಮನುಷ್ಯ ತನ್ನ ಬದುಕಿನ ಕಥೆ ಹೇಳುವಾಗ ಆ ತರಕಾರಿ ವ್ಯಾಪಾರಿಯನ್ನು ಮರೆಯದೆ ಸೇರಿಸಿದ್ದು ಸಣ್ಣ ಮಾತಲ್ಲ. ಇನ್ನೊಂದು ವ್ಯಾಪಾರದ ಪ್ರಸಂಗವೂ ಅದರಲ್ಲಿದೆ. ಅರಿಸ್ಟಾಟಲನ ತತ್ತ್ವಶಾಸ್ತ್ರದ ಗ್ರಂಥವನ್ನು 40 ಸಲ ಓದಿ ಬಾಯಿಪಾಠ ಆಗಿದ್ದರೂ ಅರ್ಥ ಮಾತ್ರ ಹತ್ತಿರಲಿಲ್ಲ. ಒಂದು ದಿನ ಅಸರ್ ಹೊತ್ತಿಗೆ ಪುಸ್ತಕದ ಅಂಗಡಿಗಳ ಬೀದಿಯಲ್ಲಿ ದಲ್ಲಾಳಿಯೊಬ್ಬ ಒಂದು ಪುಸ್ತಕ ಹಿಡಿದು ಹಿಂದೆ ಬಿದ್ದ. ಬೇಡ ಎಂದರೂ ಬಿಡಲಿಲ್ಲ. ಪುಸ್ತಕದ ಮಾಲೀಕನಿಗೆ ದುಡ್ಡಿನ ಅಡಚಣೆ, ಅಗ್ಗಕ್ಕೆ ಸಿಗುತ್ತದೆ ಎಂದು ಒತ್ತಾಯ. ಮೂರು ದಿರ್ಹಮಿಗೆ ಕೊಂಡ ಆ ಪುಸ್ತಕ ಅಲ್ ಫಾರಾಬಿಯವರದ್ದು. ಮನೆಗೆ ಹೋಗಿ ಓದಿದರೆ ಗಂಟು ಬಿಚ್ಚಿತು. ಮರುದಿನ ಹುಡುಗ ಬಡವರಿಗೆ ಸದಕಾ ಹಂಚಿದ. ಯಾವುದಾದರೂ ಪ್ರಶ್ನೆ ಬಿಡಿಸಲಾಗದೆ ಹೋದರೆ ಮಸೀದಿಗೆ ಹೋಗಿ ನಮಾಝ್ ಮಾಡಿ ದುಆ ಬೇಡುವುದು ಅವರ ಅಭ್ಯಾಸವಾಗಿತ್ತು.

ವೈದ್ಯ ಕಲಿಯುವುದು ಅವರಿಗೆ ಕಷ್ಟ ಅನಿಸಲಿಲ್ಲ. 16ರ ಪ್ರಾಯಕ್ಕೆ ರೋಗಿಗಳನ್ನು ನೋಡುತ್ತಿದ್ದರು. ಸಾಮಾನಿ ದೊರೆ ನೂಹ್ ಇಬ್ನು ಮನ್ಸೂರ್ ಕಾಯಿಲೆ ಬಿದ್ದು ಆಸ್ಥಾನದ ವೈದ್ಯರಿಗೆ ದಿಕ್ಕು ತೋಚದೆ ಇದ್ದಾಗ ಈ ಎಳೆಯನನ್ನೂ ಕರೆಸಲಾಯಿತು. ದೊರೆ ಗುಣವಾದ ಮೇಲೆ ಹುಡುಗ ಕೇಳಿದ್ದು ಚಿನ್ನವಲ್ಲ, ಅರಮನೆಯ ಲೈಬ್ರೆರಿಯೊಳಗೆ ಕೂತು ಓದಲು ಅನುಮತಿ. ಒಂದೊಂದು ಕೋಣೆಯಲ್ಲಿ ಒಂದೊಂದು ವಿಷಯದ ಪುಸ್ತಕಗಳ ಪೆಟ್ಟಿಗೆಗಳು. ಆದರೆ ಆ ಸುಖ ಬಹಳ ಕಾಲ ಉಳಿಯಲಿಲ್ಲ. 999ರಲ್ಲಿ ಸಾಮಾನಿಗಳ ಆಳ್ವಿಕೆ ಉರುಳಿತು, ಅವರ 22ರ ಪ್ರಾಯದಲ್ಲಿ ತಂದೆ ತೀರಿಕೊಂಡರು. ಅಲ್ಲಿಂದ ಮುಂದೆ ಗಂಟುಮೂಟೆ ಕಟ್ಟಿಕೊಂಡು ಊರಿಂದ ಊರಿಗೆ ಅಲೆಯುವುದೇ ಆಯಿತು. ಕ್ಯಾಸ್ಪಿಯನ್ ಸಮುದ್ರದ ಹತ್ತಿರದ ಜುರ್ಜಾನ್‌ಗೆ ಕಾಬೂಸ್ ಎಂಬ ದೊರೆಯ ಆಶ್ರಯ ಅರಸಿ ಹೊರಟರೆ, ಇವರು ತಲುಪುವಷ್ಟರಲ್ಲಿ ದೊರೆಯೇ ಸೆರೆಯಾಗಿ ಸತ್ತಿದ್ದ. ಆದರೂ ಆ ಪ್ರಯಾಣ ನಷ್ಟದ್ದಲ್ಲ. ಅಬೂ ಉಬೈದ್ ಜೂಝ್‌ಜಾನಿ ಎಂಬ ಶಿಷ್ಯ ಸಿಕ್ಕಿದ್ದು ಅಲ್ಲೇ. ಇಬ್ನು ಸೀನಾರ ಮುಂದಿನ ಬದುಕಿನ ಬಗ್ಗೆ ಇವತ್ತು ಗೊತ್ತಿರುವುದರಲ್ಲಿ ಹೆಚ್ಚಿನದು ಆತ ಬರೆದಿಟ್ಟದ್ದೇ. ಅಲ್ ಕಾನೂನ್ ಫಿತ್ತಿಬ್ಬ್ ಎಂಬ ಮಹಾಗ್ರಂಥ ಶುರುವಾದದ್ದೂ ಜುರ್ಜಾನ್‌ನಲ್ಲಿ.

ಐದು ಭಾಗಗಳ ಈ ಗ್ರಂಥದಲ್ಲಿ ನೋವಿನ ಬಗ್ಗೆ ಬರೆದ ಪುಟಗಳನ್ನು ಇವತ್ತೂ ನಿಧಾನವಾಗಿ ಓದಬೇಕು. ಇಬ್ನು ಸೀನಾರಿಗಿಂತ ಮೊದಲು ವೈದ್ಯಲೋಕದಲ್ಲಿ ನಡೆಯುತ್ತಿದ್ದದ್ದು ಗ್ರೀಕ್ ವೈದ್ಯ ಗ್ಯಾಲೆನ್‌ನ ಮಾತು. ಮೈಯೊಳಗೆ ಎಲ್ಲಾದರೂ ಹರಿದರೆ, ತುಂಡಾದರೆ ನೋವು ಎನ್ನುವುದು ಅದರ ತಿರುಳು. ಇಬ್ನು ಸೀನಾ ಅದನ್ನು ಹಾಗೇ ಒಪ್ಪಲಿಲ್ಲ. ಹರಿಯದೆ, ತುಂಡಾಗದೆ, ದೇಹದ ಬಿಸಿ ತಂಪಿನ ಹದ ಥಟ್ಟನೆ ಕೆಟ್ಟರೂ ನೋವು ಬರುತ್ತದೆ ಎಂದು ವಾದಿಸಿದರು. ನೋವು ಅಂದರೆ ಗಾಯವಲ್ಲ, ದೇಹಕ್ಕೆ ಒಗ್ಗದ್ದೊಂದನ್ನು ದೇಹ ಅರಿಯುವ ರೀತಿ ಎಂಬುದು ಅವರ ನಿಲುವು. ಅರಿವು ಹರಿಯುವುದು ನರಗಳ ಮೂಲಕ, ಆದ್ದರಿಂದ ಎಲ್ಲ ಅಂಗಕ್ಕೂ ಒಂದೇ ರೀತಿ ನೋವಾಗುವುದಿಲ್ಲ. ಪಿತ್ತಜನಕಾಂಗ, ಶ್ವಾಸಕೋಶ, ಮೂತ್ರಪಿಂಡದಂಥವಕ್ಕೆ ಒಳಗೆ ಅರಿವು ಕಡಿಮೆ, ಹೊದಿಕೆಯ ಪೊರೆಗೆ ಹೆಚ್ಚು ಅಂತ ಆ ಕಾಲದ ಅಂಗರಚನೆಯ ತಿಳುವಳಿಕೆಯಲ್ಲೇ ಬರೆದರು.

ಆಮೇಲೆ ನೋವನ್ನು 15 ಬಗೆಯಾಗಿ ವಿಂಗಡಿಸಿದರು. ತುರಿಸುವ ನೋವು, ಒರಟು ನೋವು, ಚುಚ್ಚುವ ನೋವು, ಅದುಮುವ ನೋವು, ಎಳೆದು ಹಿಡಿಯುವ ನೋವು, ಮೂಳೆ ಮುರಿದಂಥ ನೋವು, ಜೋಮು ಹಿಡಿದ ನೋವು, ಡವಡವ ಮಿಡಿಯುವ ನೋವು, ಭಾರದ ನೋವು, ದಣಿವಿನ ನೋವು, ಉರಿಯ ನೋವು, ಹೀಗೆ. ಒಂದಕ್ಕೆ ಅರಬಿಯಲ್ಲಿ ದಬ್ಬಣದ ಹೆಸರನ್ನೇ ಇಟ್ಟಿದ್ದಾರೆ. ಗೋಣಿ ಹೊಲಿಯುವ ದಬ್ಬಣ ಮೈಯೊಳಗೆ ನೆಟ್ಟು ನಿಂತಂತೆ ಆಗುವ ನೋವು ಅದು. ಕೊರೆಯುವ ನೋವಿಗೆ ಅವರು ಕೊಟ್ಟ ಉದಾಹರಣೆ ದೊಡ್ಡ ಕರುಳಿನದ್ದು. ದಪ್ಪ ಗೋಡೆಯ ಅಂಗದ ಪದರಗಳ ನಡುವೆ ವಾಯು ಅಥವಾ ಗಟ್ಟಿ ಪದಾರ್ಥ ಸಿಕ್ಕಿಬಿದ್ದರೆ ಬೈರಿಗೆ ಹಾಕಿದಂತೆ ಕೊರೆಯುತ್ತದೆ ಎಂದರು. ಇದೇ ಕರುಳಿನ ನೋವು ಅವರ ಬದುಕಿನಲ್ಲಿ ಮತ್ತೆ ಮತ್ತೆ ಬರಲಿದೆ. ರೋಗಿ ಹೇಳುವ ಪದದಿಂದ ನೋವಿನ ಮೂಲ ಹುಡುಕುವ ಈ ದಾರಿ ಹಳೆಯದಾಗಿಲ್ಲ. 1975ರಲ್ಲಿ ಕೆನಡಾದ ರೊನಾಲ್ಡ್ ಮೆಲ್ಝಾಕ್ ಎಂಬ ನೋವಿನ ಸಂಶೋಧಕ, ನೋವನ್ನು ಬಣ್ಣಿಸುವ ಪದಗಳನ್ನೇ ಗುಂಪು ಮಾಡಿ ಮೆಕ್‌ಗಿಲ್ ಪ್ರಶ್ನಾವಳಿ ಎಂಬುದನ್ನು ತಂದರು. ಜಗತ್ತಿನ ಆಸ್ಪತ್ರೆಗಳಲ್ಲಿ ಅದು ಈಗಲೂ ಬಳಕೆಯಲ್ಲಿದೆ.

ಚಿಕಿತ್ಸೆಯ ವಿಷಯದಲ್ಲಿ ಇಬ್ನು ಸೀನಾರದ್ದು ಕಟ್ಟುನಿಟ್ಟಿನ ಕ್ರಮ. ಮೊದಲು ನೋವಿನ ಕಾರಣ ತೆಗೆಯಬೇಕು. ಅಫೀಮಿನಂಥ ಮರಗಟ್ಟಿಸುವ ಮದ್ದು ನಿಜವಾದ ಚಿಕಿತ್ಸೆಯೇ ಅಲ್ಲ, ಅದು ಅರಿವನ್ನು ಕೊಲ್ಲುತ್ತದೆಯೇ ಹೊರತು ರೋಗವನ್ನಲ್ಲ. ನೋವು ರೋಗಿಯ ಶಕ್ತಿಯನ್ನೇ ತಿಂದುಹಾಕುವಷ್ಟು ವಿಪರೀತವಾದರೆ ಮಾತ್ರ, ಯಾವುದು ಹೆಚ್ಚು ಹಾನಿ ಎಂದು ತೂಗಿ ನೋಡಿ ಕೊಡಬೇಕು. ಅದರ ಜೊತೆಗೆ ಮದ್ದೇ ಅಲ್ಲದ ಕೆಲವನ್ನೂ ಹೆಸರಿಸಿದರು. ತುಂಬಾ ಹೊತ್ತು ಮೆಲ್ಲಗೆ ನಡೆಯುವುದು. ಇಂಪಾದ ಸಂಗೀತ, ಅದರಲ್ಲೂ ನಿದ್ದೆ ತರುವಂಥದ್ದು. ಮನಸ್ಸನ್ನು ಪೂರ್ತಿ ಹಿಡಿದಿಡುವ ಖುಷಿಯ ಕೆಲಸದಲ್ಲಿ ಮುಳುಗುವುದು. ಮಾಲೀಸಿನ ಬಗ್ಗೆಯೂ ಅಂದಾಜಿನ ಮಾತಿಲ್ಲ. ಗಟ್ಟಿಯಾಗಿ ತಿಕ್ಕಿದರೆ ಮೈ ಬಿಗಿಯುತ್ತದೆ, ಮೆದುವಾಗಿ ತಿಕ್ಕಿದರೆ ಸಡಿಲುತ್ತದೆ, ತುಂಬಾ ಹೊತ್ತು ತಿಕ್ಕಿದರೆ ಸೊರಗುತ್ತದೆ, ಹದವಾಗಿ ತಿಕ್ಕಿದರೆ ತುಂಬಿಕೊಳ್ಳುತ್ತದೆ ಎಂದು ಬಿಡಿಸಿ ಹೇಳಿದರು. ವ್ಯಾಯಾಮದ ಪಟ್ಟಿಯಲ್ಲಿ ಕುದುರೆ ಸವಾರಿ, ಚೆಂಡಾಟದಿಂದ ಹಿಡಿದು ಉಯ್ಯಾಲೆ, ದೋಣಿ ಪ್ರಯಾಣದವರೆಗೆ ಎಲ್ಲವೂ ಇದೆ. ಎಳೆ ಮಗುವಿಗೆ ಬೇಕಾದದ್ದು ಮೆಲ್ಲಗೆ ತೂಗುವ ತೊಟ್ಟಿಲು ಮತ್ತು ತೂಗುತ್ತಾ ಹಾಡುವ ಹಾಡು ಎಂದೂ ಬರೆದರು. ತೊಟ್ಟಿಲು ತೂಗಿದ ಯಾವ ಉಮ್ಮನಿಗೂ ಇದನ್ನು ಪುಸ್ತಕ ನೋಡಿ ಕಲಿಯಬೇಕಾಗಿಲ್ಲ, ಆದರೆ ಒಬ್ಬ ಹಕೀಂ ಅದನ್ನು ವೈದ್ಯಗ್ರಂಥಕ್ಕೆ ಸೇರಿಸಿದ ಎಂಬುದು ಮುಖ್ಯ.

ಮನಸ್ಸು ಮತ್ತು ಮೈಯ ನಂಟನ್ನೂ ಅವರು ಹೀಗೇ ಪರೀಕ್ಷೆ ಮಾಡಿ ನೋಡಿದವರು. ಪ್ರೇಮದಿಂದ ಕೃಶವಾದ ರೋಗಿ ಬಾಯಿ ಬಿಡದಿದ್ದರೆ ನಾಡಿ ಹಿಡಿದುಕೊಂಡು ಒಂದೊಂದೇ ಹೆಸರು, ಬೀದಿ, ಮನೆ ಹೇಳುತ್ತಾ ಹೋಗುವುದು, ಯಾವ ಹೆಸರಿಗೆ ನಾಡಿ ತಪ್ಪುತ್ತದೋ ಅಲ್ಲಿ ನಿಲ್ಲುವುದು. ಈ ಉಪಾಯವನ್ನು ತಾನೇ ಮಾಡಿ ನೋಡಿದ್ದಾಗಿ ಕಾನೂನ್‌ನಲ್ಲಿ ದಾಖಲಿಸಿದ್ದಾರೆ. ಅವರು ತೀರಿ ನೂರು ವರ್ಷದ ಮೇಲೆ ನಿಝಾಮಿ ಅರೂಝಿ ಎಂಬವರು ಬರೆದ ಕಥೆಯೊಂದೂ ಇದೆ. ತಾನೊಂದು ದನ ಎಂದು ನಂಬಿದ ರಾಜಕುಮಾರನೊಬ್ಬ ಊಟ ಬಿಟ್ಟು, ತನ್ನನ್ನು ಕೊಯ್ಯಿರಿ ಎಂದು ಅಂಬಾ ಅನ್ನುತ್ತಿದ್ದನಂತೆ. ಇಬ್ನು ಸೀನಾ ಕಟುಕನ ವೇಷದಲ್ಲಿ ಕತ್ತಿ ಹಿಡಿದು ಬಂದು, ಪಕ್ಕೆಲುಬು ಮುಟ್ಟಿ ನೋಡಿ, ಈ ದನ ಬಡಕಲು, ಮೇಯಿಸಿ ಕೊಬ್ಬಿಸಿದ ಮೇಲೆ ಕೊಯ್ಯೋಣ ಎಂದು ಹೊರಟುಬಿಟ್ಟರಂತೆ. ರಾಜಕುಮಾರ ತಿನ್ನಲು ಶುರು ಮಾಡಿದ, ಮೆಲ್ಲಮೆಲ್ಲಗೆ ಬುದ್ಧಿಯೂ ಹತೋಟಿಗೆ ಬಂತು. ಕಥೆಯನ್ನು ಕಥೆಯಾಗಿಯೇ ತೆಗೆದುಕೊಂಡರೂ, ಜನ ಅವರನ್ನು ಎಂಥ ವೈದ್ಯ ಎಂದು ನೆನಪಿಟ್ಟುಕೊಂಡಿದ್ದರು ಎನ್ನುವುದು ಇದರಿಂದ ಗೊತ್ತಾಗುತ್ತದೆ.

12ನೇ ಶತಮಾನದಲ್ಲಿ ಸ್ಪೇನಿನ ತೊಲೆದೊದಲ್ಲಿ ಕಾನೂನ್ ಲ್ಯಾಟಿನ್‌ಗೆ ಬಂತು, 17ನೇ ಶತಮಾನದವರೆಗೂ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಪಾಠವಾಗಿತ್ತು. ಯುನಾನಿ ವೈದ್ಯಕ್ಕೆ ಇವತ್ತಿಗೂ ಅದು ಬುಡ. ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಇಲಾಜ್ ಬಿತ್ತದ್‌ಬೀರ್ ಎಂಬ ಪ್ರತ್ಯೇಕ ವಿಭಾಗವೇ ಇದೆ. ಮಾಲೀಸು, ವ್ಯಾಯಾಮ, ಹಮ್ಮಾಮ್, ಹಿಜಾಮ ಎಲ್ಲ ಅದರಡಿ ಬರುತ್ತವೆ. ಹಿಜಾಮದ ಮಾತು ಬಂದದ್ದಕ್ಕೆ ಹೇಳಬೇಕು: ಈಗ ಊರೂರಲ್ಲಿ ಕ್ಯಾಂಪ್ ಹಾಕಿ ಬಂದವರಿಗೆಲ್ಲ ಮಾಡುವಂತೆ ಇಬ್ನು ಸೀನಾ ಬರೆದಿಲ್ಲ. ಎಳೆ ಮಕ್ಕಳಿಗೆ, 60 ದಾಟಿದವರಿಗೆ ಬೇಡ ಎಂದು ಪ್ರಾಯದ ಗೆರೆ ಎಳೆದಿದ್ದಾರೆ, ದಿನದ ಯಾವ ಹೊತ್ತು ಎಂಬುದನ್ನೂ ಗೊತ್ತುಮಾಡಿದ್ದಾರೆ.

ಪುಸ್ತಕದ ಮಾತು ಹೀಗಾದರೆ ಬರೆದವರ ದಿನಚರಿ ಬೇರೆಯೇ ಇತ್ತು. ಇರಾನಿನ ಹಮದಾನ್‌ನ ಅಮೀರ್ ಶಂಸುದ್ದೌಲಾನಿಗೆ ಕುಲಂಜ್, ಅಂದರೆ ಕರುಳು ಹಿಂಡುವ ವಿಪರೀತ ಹೊಟ್ಟೆನೋವು. 40 ದಿನ ಅರಮನೆಯಲ್ಲೇ ಇದ್ದು ಗುಣ ಮಾಡಿದ ಇಬ್ನು ಸೀನಾ ಅವನ ವಝೀರರೂ ಆದರು. ಸೈನಿಕರಿಗೆ ಇದು ಹಿಡಿಸಲಿಲ್ಲ. ದಂಗೆ ಎದ್ದು ಮನೆ ದೋಚಿದರು, ತಲೆಯನ್ನೇ ಕೇಳಿದರು. ಅಮೀರ್ ತಲೆ ಉಳಿಸಿ ಹುದ್ದೆ ಕಿತ್ತುಕೊಂಡ. 40 ದಿನ ಗೆಳೆಯನೊಬ್ಬನ ಮನೆಯಲ್ಲಿ ಅಡಗಿ ಕೂತರು. ಅಷ್ಟರಲ್ಲಿ ಅಮೀರನಿಗೆ ಕುಲಂಜ್ ಮರುಕಳಿಸಿತು. ಹುಡುಕಿಸಿ ಕರೆಸಿ ಕ್ಷಮೆ ಕೇಳಿ ಮತ್ತೆ ವಝೀರ್ ಮಾಡಿದ. ಹಗಲಿಡೀ ರಾಜ್ಯದ ಕೆಲಸ, ರಾತ್ರಿ ಮನೆಯಲ್ಲಿ ಶಿಷ್ಯರ ಕೂಟ, ಪಾಠ, ಬರವಣಿಗೆ. ಕಾನೂನ್ ಬೆಳೆದದ್ದು ಈ ರಾತ್ರಿಗಳಲ್ಲಿ. 1021ರಲ್ಲಿ ಶಂಸುದ್ದೌಲಾ ಅದೇ ರೋಗದಿಂದ ದಾರಿಯಲ್ಲಿ ಸತ್ತ. ಹೊಸ ಅಮೀರನ ಕಾಲದಲ್ಲಿ ಇಸ್ಫಹಾನಿನ ದೊರೆಗೆ ಗುಟ್ಟಾಗಿ ಪತ್ರ ಬರೆದ ಆರೋಪ ಬಂದು ಇಬ್ನು ಸೀನಾರನ್ನು ಫರ್ದಜಾನ್ ಕೋಟೆಗೆ ಹಾಕಿದರು. ನಾಲ್ಕು ತಿಂಗಳು ಸೆರೆ. ಅಲ್ಲಿ ಕೂತು ಅವರು ಬರೆದವುಗಳಲ್ಲಿ ಒಂದು, ಕುಲಂಜ್ ಬಗ್ಗೆಯೇ ಒಂದು ಕಿತಾಬು.

ಬಿಡುಗಡೆಯಾದ ಮೇಲೆ ಸೂಫಿ ಫಕೀರರ ವೇಷ ಹಾಕಿ, ತಮ್ಮ ಮತ್ತು ಜೂಝ್‌ಜಾನಿಯ ಜೊತೆ ಇಸ್ಫಹಾನ್ ಸೇರಿದರು. ಅಲಾವುದ್ದೌಲಾ ಎಂಬ ದೊರೆ ಗೌರವದಿಂದ ಬರಮಾಡಿಕೊಂಡ. ನೆಮ್ಮದಿಯ ವರ್ಷಗಳು ಅಂದರೆ ಅವೇ, ಆದರೆ ದೊರೆ ಯುದ್ಧಕ್ಕೆ ಹೊರಟಾಗೆಲ್ಲ ಇವರೂ ಹೊರಡಬೇಕಿತ್ತು. ಒಮ್ಮೆ ತಡೆಯಲಾಗದ ತಲೆನೋವು ಬಂದಾಗ ರಾಶಿ ಮಂಜುಗಡ್ಡೆ ತರಿಸಿ, ಕುಟ್ಟಿ, ಬಟ್ಟೆಯಲ್ಲಿ ಸುತ್ತಿ ತಲೆಗೆ ಕಟ್ಟಿಸಿಕೊಂಡು ಗುಣವಾದದ್ದನ್ನು ಶಿಷ್ಯ ಬರೆದಿದ್ದಾನೆ. ಮೈಗೆ ಇದ್ದ ಕಸುವಿನ ಮೇಲೆ ಅವರಿಗೆ ಭಾರಿ ಭರವಸೆ, ಸಂಯಮ ಮಾತ್ರ ಕಡಿಮೆ ಎಂಬುದನ್ನೂ ಅವನೇ ಮುಚ್ಚಿಡದೆ ಬರೆದಿದ್ದಾನೆ.

ಒಂದು ದಂಡಯಾತ್ರೆಯ ಹೊತ್ತಿಗೆ ಕುಲಂಜ್ ಅವರನ್ನೇ ಹಿಡಿಯಿತು. ಸೈನ್ಯ ಹಿಮ್ಮೆಟ್ಟಿದರೆ ರೋಗಿಯಾಗಿ ಹಿಂದೆ ಉಳಿಯಬೇಕಾದೀತು ಎಂಬ ಹೆದರಿಕೆ. ಬೇಗ ಗುಣವಾಗಬೇಕೆಂದು ಒಂದೇ ದಿನ ಎಂಟು ಸಲ ಎನಿಮಾ ತೆಗೆದುಕೊಂಡರು. ಕರುಳು ಹುಣ್ಣಾಯಿತು. ಆ ಸ್ಥಿತಿಯಲ್ಲೇ ಪ್ರಯಾಣ, ದಾರಿಯಲ್ಲಿ ಅಪಸ್ಮಾರದಂಥ ಸೆಳೆತ. ಎನಿಮಾಕ್ಕೆ ಎರಡು ದಾನಿಕ್ ತೂಕದ ಸೆಲರಿ ಬೀಜ ಹಾಕು ಎಂದರೆ ಜೊತೆಗಿದ್ದ ವೈದ್ಯ ಐದು ದಿರ್ಹಮ್ ತೂಕ ಹಾಕಿದ. ಒಂದು ದಿರ್ಹಮಿಗೆ ಆರು ದಾನಿಕ್, ಲೆಕ್ಕ ಹಾಕಿದರೆ ಹೇಳಿದ್ದರ 15 ಪಟ್ಟು. ಬೇಕೆಂದೇ ಹಾಕಿದನೋ ಕೈತಪ್ಪಿತೋ ತನಗೆ ತಿಳಿಯದು, ತಾನು ಅಲ್ಲಿರಲಿಲ್ಲ ಎಂದು ಜೂಝ್‌ಜಾನಿ ಬರೆದಿದ್ದಾನೆ. ಸೆಳೆತಕ್ಕೆಂದು ಕುಡಿಯುತ್ತಿದ್ದ ಮದ್ದಿಗೆ ಅವರ ಸೇವಕರೇ ಅಫೀಮು ಹೆಚ್ಚು ಬೆರೆಸಿದರು. ಅವರ ಪೆಟ್ಟಿಗೆಯಿಂದ ದುಡ್ಡು ಕದ್ದಿದ್ದ ಅವರಿಗೆ ಯಜಮಾನ ಬದುಕಿ ಲೆಕ್ಕ ಕೇಳುವುದು ಬೇಕಿರಲಿಲ್ಲ.

ಇಸ್ಫಹಾನಿನಲ್ಲಿ ಸ್ವಲ್ಪ ಸುಧಾರಿಸಿ ನಡೆದಾಡುವಂತಾದರು. ಆದರೆ ಪಥ್ಯ ಮುರಿಯಿತು, ವಿಶ್ರಾಂತಿ ಸಿಗಲಿಲ್ಲ. ದೊರೆ ಹಮದಾನ್ ಕಡೆ ಹೊರಟಾಗ ಮತ್ತೆ ಜೊತೆಗೆ ಹೋದರು, ದಾರಿಯಲ್ಲೇ ರೋಗ ಮರಳಿತು. ಹಮದಾನ್ ಮುಟ್ಟುವಾಗ ಮೈಯಲ್ಲಿ ಶಕ್ತಿ ಉಳಿದಿಲ್ಲ ಎಂದು ಅವರಿಗೇ ಖಾತ್ರಿಯಾಗಿತ್ತು. ಮದ್ದು ನಿಲ್ಲಿಸಿದರು. ತೌಬಾ ಮಾಡಿ, ಇದ್ದದ್ದನ್ನು ಬಡವರಿಗೆ ಸದಕಾ ಕೊಟ್ಟು, ಯಾರಿಗೆ ಅನ್ಯಾಯವಾಗಿದೆ ಎಂದು ನೆನಪಿತ್ತೋ ಅವರಿಗೆ ಹಿಂದಿರುಗಿಸಿ, ಗುಲಾಮರನ್ನು ಬಿಡುಗಡೆ ಮಾಡಿ, ಮೂರು ದಿನಕ್ಕೊಂದು ಖತಂ ಕುರ್‌ಆನ್ ಓದುತ್ತಿದ್ದರು ಎಂದು ನಂತರದ ಚರಿತ್ರೆಕಾರ ಇಬ್ನು ಖಲ್ಲಿಕಾನ್ ಬರೆದಿದ್ದಾರೆ. ಹಿಜ್‌ರಿ 428ರ ರಮಝಾನ್, ಕ್ರಿ.ಶ. 1037ರ ಜೂನ್‌ನಲ್ಲಿ, 57ರ ಪ್ರಾಯದಲ್ಲಿ ತೀರಿಕೊಂಡರು. ಹಿಂದೊಮ್ಮೆ ಅಮೀರನ ಕುಲಂಜ್ ಗುಣ ಮಾಡಿದ್ದ ಆ ಹಮದಾನ್‌ನಲ್ಲೇ ಅವರನ್ನು ದಫನ ಮಾಡಲಾಯಿತು.