ಹಡಗು ತಪ್ಪಿದರೂ ಚೀನಾ ತಲುಪಿದವರು

ಇಬ್ನ್ ಬತೂತಾ ಅವರ ಹೆಸರನ್ನು ನಾನು ಮೊದಲು ಕೇಳಿದ್ದು ದಾದಾ ಅವರಿಂದ, ಉರ್ದುವಿನಲ್ಲಿ. ದೊಡ್ಡ ಪ್ರವಾಸಿ ಎಂದಷ್ಟೇ ಗೊತ್ತಿತ್ತು. ಅವರು ನಮ್ಮ ಹೊನ್ನಾವರ, ಬಾರ್ಕೂರು, ಮಂಗಳೂರಿಗೂ ಬಂದಿದ್ದರು ಎಂಬುದು ಈ ವರ್ಷ ಓದಿದಾಗ ತಿಳಿಯಿತು.

ಅವರು ಹುಟ್ಟಿದ್ದು 1304ರಲ್ಲಿ, ಮೊರಾಕ್ಕೋದ ತಾಂಜಿಯರ್‌ನಲ್ಲಿ. 21ನೇ ವಯಸ್ಸಿಗೆ ಹಜ್‌ಗೆಂದು ಒಬ್ಬರೇ ಹೊರಟರು. ಮುಂದೆ ದೆಹಲಿಗೆ ಬಂದು ಖಾಜಿಯಾದರು. 1342ರಲ್ಲಿ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ಅವರನ್ನು ರಾಯಭಾರಿಯಾಗಿ ಮಾಡಿ, ಚೀನಾದ ಬಾದಶಹನಿಗೆ ಕಾಣಿಕೆಗಳನ್ನು ಕೊಟ್ಟು ಕಳುಹಿಸಿದ.

ಕರಾವಳಿಯ ದಾರಿ ಹಿಡಿದು ಅವರು ಕಲ್ಲಿಕೋಟೆ ಮುಟ್ಟಿದಾಗ ಅಲ್ಲಿ 13 ಚೀನಾ ಹಡಗುಗಳು ನಿಂತಿದ್ದವು. ಗಾಳಿ ತಿರುಗುವವರೆಗೆ ಮೂರು ತಿಂಗಳು ಕಾಯಬೇಕಾಯಿತು. ದೊಡ್ಡ ಹಡಗಿಗೆ 12ರವರೆಗೆ ಹಾಯಿಗಳು. ಅವು ಬಟ್ಟೆಯವಲ್ಲ, ಬಿದಿರಿನಿಂದ ಚಾಪೆಯಂತೆ ಹೆಣೆದವು. ನಾಲ್ಕು ಅಂತಸ್ತು, 600 ನಾವಿಕರು, 400 ಸೈನಿಕರು. ವ್ಯಾಪಾರಿಗಳಿಗೆ ಬೀಗ ಹಾಕುವ ಕೋಣೆಗಳು. ನಾವಿಕರ ಮಕ್ಕಳೂ ಅಲ್ಲೇ ಇರುತ್ತಿದ್ದರು. ಮರದ ತೊಟ್ಟಿಗಳಲ್ಲಿ ತರಕಾರಿ, ಶುಂಠಿ ಬೆಳೆಯುತ್ತಿದ್ದರು.

ಒಳ್ಳೆಯ ಕೋಣೆಗಳನ್ನು ಚೀನಾದ ವ್ಯಾಪಾರಿಗಳು ಮೊದಲೇ ಹಿಡಿದಿದ್ದರು. ಹೀಗಾಗಿ ಇಬ್ನ್ ಬತೂತಾ ತಮ್ಮ ಸಾಮಾನನ್ನು ಚಿಕ್ಕ ಹಡಗಿಗೆ ಹಾಕಿಸಿ, ಜುಮಾ ನಮಾಜಿಗಾಗಿ ದಡದಲ್ಲಿ ಉಳಿದರು. ಆಗ ಬಿರುಗಾಳಿ ಎದ್ದಿತು. ಕಾಣಿಕೆಗಳಿದ್ದ ದೊಡ್ಡ ಹಡಗು ಒಡೆದು ಜನ ಸತ್ತರು. ಚಿಕ್ಕ ಹಡಗು ಅವರನ್ನು ಬಿಟ್ಟು ಹೊರಟುಹೋಯಿತು. ಅವರ ಕೈಯಲ್ಲಿ ಉಳಿದದ್ದು ಹತ್ತು ದೀನಾರ್ ಮತ್ತು ಮಲಗುವ ಹಾಸು.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟೆ. 2019ರ ಆಗಸ್ಟ್ ಮಳೆಯಲ್ಲಿ ಖಾನಾಪುರದ ನಮ್ಮ ಅಂಗಡಿಗೆ ನೀರು ನುಗ್ಗಿತ್ತು. ಅಕ್ಕಿ, ಸಕ್ಕರೆ, ಹಿಟ್ಟು ಎಲ್ಲಾ ಹೋಯಿತು. ಅಬ್ಬಾ ತೊಯ್ದ ಉದ್ರಿ ವಹಿಯನ್ನು ಹಾಳೆ ಹಾಳೆ ಬಿಡಿಸಿ ಒಣಗಿಸಿದರು. ನಾನಾಗ ಚಿಕ್ಕವನು. ಅವರು ಅತ್ತಿದ್ದನ್ನು ಅಂದೇ ನೋಡಿದ್ದು.

ಇಬ್ನ್ ಬತೂತಾ ಸುಲ್ತಾನನಿಗೆ ಹೆದರಿ ದೆಹಲಿಗೆ ಮರಳಲಿಲ್ಲ. ಹೊನ್ನಾವರದ ಸುಲ್ತಾನ ಜಮಾಲುದ್ದೀನ್ ಆಸರೆ ಕೊಟ್ಟ. ಅವನ 52 ಹಡಗುಗಳ ದಂಡಿನೊಂದಿಗೆ ಗೋವಾದ ಯುದ್ಧಕ್ಕೂ ಹೋದರು. ಮಾಲ್ದೀವ್ಸ್‌ನಲ್ಲಿ ಖಾಜಿಯಾದರು. ಕೊನೆಗೆ ಬೇರೆ ಹಡಗು ಹಿಡಿದು, ಚೀನಾದ ಜೈತೂನ್ ಬಂದರಿನಲ್ಲಿ ಇಳಿದರು. 1349ರಲ್ಲಿ ತಾಯ್ನಾಡಿಗೆ ಮರಳಿ, ಕಂಡದ್ದನ್ನೆಲ್ಲ ಹೇಳಿ ಬರೆಸಿದರು. ಆ ಪುಸ್ತಕದಿಂದಲೇ ನಮಗೆ ಆ ಹಡಗುಗಳು ಇಷ್ಟು ಚೆನ್ನಾಗಿ ತಿಳಿದಿವೆ.

ಈ ಕಥೆಯನ್ನು ಒಂದು ರಾತ್ರಿ ಅಂಗಡಿ ಮುಚ್ಚುವಾಗ ಅಬ್ಬಾಗೆ ಹೇಳಿದೆ. ಅವರು ಕೇಳಿದ್ದು ಒಂದೇ, ಆ ಸಾಮಾನು ತಿರುಗಿ ಸಿಕ್ಕಿತೇ ಎಂದು. ಸಿಗಲಿಲ್ಲ, ಆದರೆ ಅವರು ಚೀನಾ ಮುಟ್ಟಿದರು ಎಂದೆ. ಅಬ್ಬಾ ತಲೆಯಾಡಿಸಿ ಬೀಗ ಹಾಕಿದರು.