ಇವಾನ್ ಬಿಲಿಬಿನ್: ಜನಪದ ಕಥಾಚಿತ್ರಗಳಲ್ಲಿ ಮನೆ ಮತ್ತು ಹೆಣ್ಣು

ರಷ್ಯಾದ ಜನಪದ ಕಥೆಗಳಿಗೆ ಇವಾನ್ ಯಾಕೊವ್ಲೆವಿಚ್ ಬಿಲಿಬಿನ್ ರಚಿಸಿದ ಚಿತ್ರಗಳನ್ನು ಕೇವಲ ಅಲಂಕಾರವೆಂದು ಪರಿಗಣಿಸುವುದುಂಟು. ಕುಟುಂಬ ಮತ್ತು ಲಿಂಗಪಾತ್ರಗಳ ನೆಲೆಯಿಂದ ಆತನ ಬದುಕನ್ನು ಪರಿಶೀಲಿಸಿದಾಗ ಈ ಗ್ರಹಿಕೆ ಅಪೂರ್ಣವೆನಿಸುತ್ತದೆ.

1876ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಸಮೀಪ ಜನಿಸಿದ ಬಿಲಿಬಿನ್ ಕಾನೂನು ವ್ಯಾಸಂಗದ ಜೊತೆಗೆ ಇಲ್ಯಾ ರೆಪಿನ್‌ನ ಬಳಿ ಚಿತ್ರಕಲೆಯನ್ನೂ ಅಭ್ಯಾಸ ಮಾಡಿದನು. 1901ರಿಂದ 1903ರವರೆಗೆ ಸರ್ಕಾರಿ ಮುದ್ರಣ ಸಂಸ್ಥೆಯೊಂದು ಪ್ರಕಟಿಸಿದ ಕಥಾಪುಸ್ತಿಕೆಗಳು ಆತನಿಗೆ ಖ್ಯಾತಿ ತಂದವು. ಅವುಗಳಲ್ಲಿ 'ಸುಂದರಿ ವಸಿಲಿಸಾ' ಮುಖ್ಯವಾದುದು. ಈ ಕಥೆಯಲ್ಲಿ ವರ್ತಕನಾದ ತಂದೆ ದೂರ ಪ್ರಯಾಣದಲ್ಲಿರುತ್ತಾನೆ. ಮನೆಯು ಮಲತಾಯಿಯ ಅಧೀನದಲ್ಲಿರುತ್ತದೆ. ಸತ್ತ ತಾಯಿ ಕೊಟ್ಟ ಗೊಂಬೆಯೇ ಮಗಳಿಗೆ ಆಸರೆ. ಕಾಡಿನ ಮುದುಕಿ ಬಾಬಾ ಯಾಗಾಳನ್ನು ಬಿಲಿಬಿನ್ ಒರಳಿನಲ್ಲಿ ಕುಳಿತು, ಒನಕೆ ಪೊರಕೆಗಳನ್ನು ಹಿಡಿದು ಸಾಗುವವಳಾಗಿ ಚಿತ್ರಿಸಿದ್ದಾನೆ. ಮನೆಯೊಳಗೆ ಗೃಹಿಣಿಯ ಗುರುತಾದ ಸಾಧನಗಳೇ ಕುಟುಂಬದ ಕಟ್ಟಿಗೆ ಒಳಪಡದ ಹೆಣ್ಣಿನ ಕೈಯಲ್ಲಿ ಭಯಾನಕವಾಗುತ್ತವೆ.

1902ರಿಂದ 1904ರವರೆಗೆ ಬಿಲಿಬಿನ್ ರಷ್ಯನ್ ವಸ್ತುಸಂಗ್ರಹಾಲಯಕ್ಕಾಗಿ ವೊಲೊಗ್ದಾ, ಅರ್ಖಾಂಗೆಲ್ಸ್ಕ್, ಒಲೊನೆಟ್ಸ್ ಪ್ರಾಂತ್ಯಗಳಲ್ಲಿ ಸಂಚರಿಸಿ ಜನಪದ ವಸ್ತುಗಳನ್ನು ಸಂಗ್ರಹಿಸಿದನು. 1904ರಲ್ಲಿ ಉತ್ತರ ಪ್ರದೇಶದ ಜನಪದ ಕಲೆಯನ್ನು ಕುರಿತು ಲೇಖನವನ್ನೂ ಬರೆದನು. ಕಸೂತಿಯು ಆ ಹಳ್ಳಿಗಳಲ್ಲಿ ಬಹುಮಟ್ಟಿಗೆ ಹೆಂಗಸರ ದುಡಿಮೆ. ಅದರ ವಿನ್ಯಾಸಗಳು ಆತನ ಚಿತ್ರಗಳ ಉಡುಪುಗಳಲ್ಲಿ, ಅಂಚುಗಳಲ್ಲಿ ನೆಲೆಗೊಂಡವು. ಹೀಗೆ ಹೆಣ್ಣು ಚೌಕಟ್ಟಿನ ಒಳಗಿನ ಪಾತ್ರ ಮಾತ್ರವಲ್ಲ, ಚೌಕಟ್ಟಿನ ಕರ್ತೃವೂ ಹೌದು. ಆದರೆ ಪುಸ್ತಕದ ಮೇಲೆ ಉಳಿದದ್ದು ಬಿಲಿಬಿನ್‌ನ ಹೆಸರೊಂದೇ.

1905ರಲ್ಲಿ ಆತ ಪುಷ್ಕಿನ್‌ನ 'ತ್ಸಾರ್ ಸಲ್ತಾನ್' ಕಥನಕಾವ್ಯಕ್ಕೆ ಚಿತ್ರ ರಚಿಸಿದನು. ಅಲ್ಲಿ ನೂಲುವ ಮೂವರು ಸೋದರಿಯರ ಮಾತನ್ನು ದೊರೆ ಹೊರಗೆ ನಿಂತು ಆಲಿಸುತ್ತಾನೆ. ವೀರಪುತ್ರನನ್ನು ಹೆರುವೆನೆಂದವಳು ರಾಣಿಯಾಗುತ್ತಾಳೆ. ಅಡುಗೆ, ನೇಯ್ಗೆಗಳ ಕೌಶಲ ಎರಡನೆಯ ಸ್ಥಾನಕ್ಕೆ ಸರಿಯುತ್ತದೆ.

ಆತನ ಸ್ವಂತ ಬದುಕು ಈ ಮಾದರಿಗೆ ಹೊಂದುವುದಿಲ್ಲ. ಮೊದಲ ಪತ್ನಿ ಮಾರಿಯಾ ಚೇಂಬರ್ಸ್ ಚಿತ್ರಕಲಾವಿದೆ. ಆಕೆ ಇಬ್ಬರು ಗಂಡುಮಕ್ಕಳೊಡನೆ ಆತನಿಂದ ದೂರವಾದಳು. ಮೂರನೆಯ ಪತ್ನಿ ಅಲೆಕ್ಸಾಂಡ್ರಾ ಶ್ಚೆಕಾತಿಖಿನಾ-ಪೊತೊತ್ಸ್ಕಾಯಾ ಪಿಂಗಾಣಿ ಕಲೆಯಲ್ಲಿ ಹೆಸರಾದವಳು. ಕ್ರಾಂತಿಯ ಅನಂತರ 1920ರಲ್ಲಿ ದೇಶ ತೊರೆದ ಬಿಲಿಬಿನ್ ಕೈರೋ, ಪ್ಯಾರಿಸ್‌ಗಳಲ್ಲಿ ನೆಲೆಸಿ, 1936ರಲ್ಲಿ ಲೆನಿನ್‌ಗ್ರಾಡಿಗೆ ಮರಳಿದನು. 1942ರ ಫೆಬ್ರವರಿಯಲ್ಲಿ, ಮುತ್ತಿಗೆಗೊಳಗಾದ ಆ ನಗರದಲ್ಲಿಯೇ ಹಸಿವಿನಿಂದ ಮರಣಹೊಂದಿದನು.

ಬಿಲಿಬಿನ್ ಕಟ್ಟಿಕೊಟ್ಟ ಪ್ರಾಚೀನ ರಷ್ಯಾದ ಮನೆಯನ್ನು ಕಂಡದ್ದರ ನಕಲೆಂದು ಭಾವಿಸಲಾಗದು. ಅದು ಹಲವು ಹಳ್ಳಿಗಳಿಂದ, ಹಲವು ಕಾಲಗಳಿಂದ ಆಯ್ದು ಹೆಣೆದ ಕಲ್ಪನೆ. ಆ ಹೆಣಿಗೆಯಲ್ಲಿರುವ ಅನಾಮಿಕ ಹೆಂಗಸರ ಪಾಲನ್ನು ಗುರುತಿಸುವುದು ಕಥಾಚಿತ್ರಗಳ ಅಧ್ಯಯನದ ಮೊದಲ ಹೊಣೆಯಾಗಬೇಕಾಗಿದೆ.