ಬೇರೆಯವರ ಟ್ರೇಲರ್‌ನಿಂದ ಶುರುವಾದ ಲಾರಿ ಕಂಪನಿ: ಕಂಟೇನರ್ ತಂದ ಮಾಲ್ಕಮ್ ಮೆಕ್ಲೀನ್ ಬದುಕು

ಕಾಫಿ ತುಂಬಿಕೊಂಡು ಮಂಗಳೂರು ಬಂದರಿನ ಕಡೆ ಹೋಗುವ ಉದ್ದನೆಯ ಕಂಟೇನರ್ ಲಾರಿಗಳನ್ನು ನೋಡದವರು ಕಡಿಮೆ. ಲಾರಿ ಮೇಲಿನ ಪೆಟ್ಟಿಗೆಯನ್ನು ಬಾಗಿಲು ತೆಗೆಯದೆ ಹಾಗೇ ಎತ್ತಿ ಹಡಗಿನಲ್ಲಿಡುವ ಈ ಪದ್ಧತಿಯನ್ನು ದೊಡ್ಡ ವ್ಯಾಪಾರವಾಗಿ ಬೆಳೆಸಿದವರು ಹಡಗಿನ ಉದ್ಯಮದಿಂದ ಬಂದವರಲ್ಲ. ಅವರು ಒಬ್ಬ ಲಾರಿ ಮಾಲೀಕರು, ಅದಕ್ಕೂ ಮೊದಲು ಪೆಟ್ರೋಲ್ ಬಂಕ್ ನೋಡಿಕೊಳ್ಳುತ್ತಿದ್ದವರು. ಹೆಸರು ಮಾಲ್ಕಮ್ ಮೆಕ್ಲೀನ್. ಊರು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಮ್ಯಾಕ್ಸ್‌ಟನ್.

ಐದು ಡಾಲರ್ ಟ್ರಿಪ್

ಮೆಕ್ಲೀನ್ ಹುಟ್ಟಿದ್ದು 1913ರ ನವೆಂಬರ್ 14ರಂದು, ರೈತಾಪಿ ಕುಟುಂಬದಲ್ಲಿ. ಚಿಕ್ಕವರಿದ್ದಾಗ ಮನೆಯ ಕೋಳಿಮೊಟ್ಟೆಯನ್ನು ರಸ್ತೆ ಬದಿಯಲ್ಲಿ ಮಾರುತ್ತಿದ್ದರು, ಅದಕ್ಕೆ ತಾಯಿ ಕಮಿಷನ್ ಕೊಡುತ್ತಿದ್ದರು. 1931ರಲ್ಲಿ ಹೈಸ್ಕೂಲ್ ಮುಗಿಯುವ ಹೊತ್ತಿಗೆ ಅಮೆರಿಕದಲ್ಲಿ ಆರ್ಥಿಕ ಕುಸಿತ ಜೋರಾಗಿತ್ತು. ಕಾಲೇಜಿಗೆ ಕಳಿಸಲು ಮನೆಯಲ್ಲಿ ದುಡ್ಡಿರಲಿಲ್ಲ. ಕಿರಾಣಿ ಅಂಗಡಿಯಲ್ಲಿ ಸಾಮಾನು ಜೋಡಿಸುವ ಕೆಲಸಕ್ಕೆ ಸೇರಿಕೊಂಡರು. ಆಮೇಲೆ ಪಕ್ಕದ ರೆಡ್ ಸ್ಪ್ರಿಂಗ್ಸ್ ಊರಿನ ಬಂಕ್ ನಡೆಸುವ ಅವಕಾಶ ಬಂತು. ಮೊದಲ ಲೋಡ್ ಪೆಟ್ರೋಲ್ ತರಿಸಿದ್ದು ಸ್ನೇಹಿತರೊಬ್ಬರ ಹತ್ತಿರ ಕೈಸಾಲ ಮಾಡಿ.

ಬಂಕ್‌ಗೆ ಆಯಿಲ್ ಬರುತ್ತಿದ್ದದ್ದು ಸುಮಾರು 45 ಕಿ.ಮೀ. ದೂರದ ಫಯೆಟ್‌ವಿಲ್‌ನಿಂದ. ತಂದುಕೊಟ್ಟವರಿಗೆ ಟ್ರಿಪ್‌ಗೆ 5 ಡಾಲರ್ ಬಾಡಿಗೆ. ಈ ದುಡ್ಡು ಬೇರೆಯವರಿಗೆ ಯಾಕೆ ಹೋಗಬೇಕು, ನಾನೇ ತರಬಹುದಲ್ಲ ಎಂದು ಮೆಕ್ಲೀನ್ ಲೆಕ್ಕ ಹಾಕಿದರು. ಆದರೆ ಗಾಡಿ ಎಲ್ಲಿಂದ? ಬಂಕ್ ಮಾಲೀಕರ ಜಾಗದಲ್ಲಿ ತುಕ್ಕು ಹಿಡಿದು ನಿಂತಿದ್ದ ಹಳೇ ಟ್ರೇಲರ್ ಇತ್ತು. ಅದನ್ನೇ ಕೇಳಿ ಬಳಕೆಗೆ ತಗೊಂಡರು. 1934ರ ಮಾರ್ಚ್‌ನಲ್ಲಿ ಮೆಕ್ಲೀನ್ ಟ್ರಕ್ಕಿಂಗ್ ಕಂಪನಿ ಶುರುವಾದಾಗ ಇದ್ದ ಡ್ರೈವರ್ ಒಬ್ಬರೇ, ಅವರೇ ಮಾಲೀಕರು! ಬಂಕ್ ಕೆಲಸವನ್ನೂ ಬಿಟ್ಟಿರಲಿಲ್ಲ.

ಸ್ವಲ್ಪ ದಿನಕ್ಕೆ ಸ್ಥಳೀಯರೊಬ್ಬರು ತಮ್ಮ ಹಳೇ ಟಿಪ್ಪರ್ ಅನ್ನು ವಾರಕ್ಕೆ 3 ಡಾಲರ್ ಕಂತಿಗೆ ಕೊಟ್ಟರು. ಸರ್ಕಾರಿ ಕಾಮಗಾರಿಗೆ ಮಣ್ಣು ಹೊಡೆಯುವ ಗುತ್ತಿಗೆ ಸಿಕ್ಕಿತು. ಆ ದುಡಿಮೆಯಿಂದ ಒಬ್ಬ ಡ್ರೈವರ್ ಇಟ್ಟುಕೊಂಡರು, ತರಕಾರಿ ಸಾಗಿಸಲು ಇನ್ನೊಂದು ಗಾಡಿ ಮಾಡಿದರು. ಸಹೋದರಿ ಕ್ಲಾರಾ, ಸಹೋದರ ಜಿಮ್ ಕೂಡ ವ್ಯವಹಾರಕ್ಕೆ ಕೈಜೋಡಿಸಿದರು.

ಗಾಡಿ ಅವರದು, ಲೋಡ್ ಇವರದು

1935ರಲ್ಲಿ, 22ರ ವಯಸ್ಸಿಗೆ, ಮೆಕ್ಲೀನ್ ಹೆಸರಿನಲ್ಲಿದ್ದದ್ದು ಎರಡು ಲಾರಿ, ಒಂದು ಟ್ರ್ಯಾಕ್ಟರ್-ಟ್ರೇಲರ್ ಅಷ್ಟೇ. ಆದರೆ ಅವರ ಕೆಳಗೆ ಒಂಬತ್ತು ಡ್ರೈವರ್‌ಗಳು ದುಡಿಯುತ್ತಿದ್ದರು. ಇವರೆಲ್ಲ ತಮ್ಮದೇ ಗಾಡಿ ಇಟ್ಟುಕೊಂಡವರು. ನಮ್ಮ ಕಡೆ ಟ್ರಾನ್ಸ್‌ಪೋರ್ಟ್‌ನವರು ಗಾಡಿ ಅಟ್ಯಾಚ್ ಮಾಡಿಕೊಳ್ಳುತ್ತಾರಲ್ಲ, ಹೆಚ್ಚುಕಮ್ಮಿ ಅದೇ ರೀತಿ. ಗಾಡಿಯ ಬಂಡವಾಳ ಡ್ರೈವರ್‌ನದು, ಗಿರಾಕಿ ಹುಡುಕಿ ಲೋಡ್ ಕೊಡಿಸುವುದು ಕಂಪನಿಯದು. ಹೀಗಾಗಿ ದೊಡ್ಡ ಸಾಲ ಮಾಡದೆಯೇ ವ್ಯವಹಾರ ಬೆಳೆಯಿತು.

ಹಾಗಂತ ಕಷ್ಟ ಬರಲಿಲ್ಲ ಎಂದಲ್ಲ. ಸಮಯ ಕೆಟ್ಟು ಗಿರಾಕಿಗಳು ಕಡಿಮೆಯಾದಾಗ ಮೆಕ್ಲೀನ್ ಮತ್ತೆ ತಾವೇ ಸ್ಟೇರಿಂಗ್ ಹಿಡಿದರು. ಒಮ್ಮೆ ಸೇತುವೆಯ ಟೋಲ್ ಕಟ್ಟಲು ಕೈಯಲ್ಲಿ ಕಾಸಿಲ್ಲದೆ ಸ್ಪ್ಯಾನರ್ ಒತ್ತೆ ಇಟ್ಟು ಮುಂದೆ ಹೋದರು, ನ್ಯೂಯಾರ್ಕ್‌ನಲ್ಲಿ ಸರಕು ಮಾರಿ ವಾಪಸ್ ಬರುವಾಗ ಬಿಡಿಸಿಕೊಂಡರು ಎಂಬ ಕಥೆ ಇದೆ.

ಇನ್ನೊಂದು ಕಥೆಯನ್ನು ಮೆಕ್ಲೀನ್ ಅವರೇ ಎಷ್ಟೋ ವರ್ಷದ ಮೇಲೆ ಹೇಳಿಕೊಂಡರು. 1937ರಲ್ಲಿ ಹತ್ತಿ ಬೇಲ್ ತುಂಬಿಕೊಂಡು ಹೊಬೊಕೆನ್ ಬಂದರಿಗೆ ಹೋಗಿದ್ದರು. ಅಲ್ಲಿ ಹಮಾಲರು ಒಂದೊಂದೇ ಬೇಲ್ ಇಳಿಸಿ ಹಡಗಿಗೆ ಏರಿಸುವುದನ್ನು ನೋಡುತ್ತಾ ಇಡೀ ದಿನ ಕಾಯಬೇಕಾಯಿತು. ಲಾರಿಯ ಪೆಟ್ಟಿಗೆಯನ್ನೇ ಎತ್ತಿ ಇಟ್ಟರೆ ಆಗುವುದಿಲ್ಲವೇ ಎಂದು ಆಗ ಹೊಳೆಯಿತಂತೆ. ಕೆಲಸಕ್ಕೆ ಬಂದದ್ದು ಮಾತ್ರ 19 ವರ್ಷ ಕಳೆದ ಮೇಲೆ.

ಕಾಸಿಗೆ ಕಾಸು ಲೆಕ್ಕ

1940ಕ್ಕೆ ಕಂಪನಿಯಲ್ಲಿ 30 ಲಾರಿ, 1945ಕ್ಕೆ 162. ಬೆಳೆದದ್ದು ಖರ್ಚಿನ ಮೇಲೆ ಹಿಡಿತ ಇಟ್ಟುಕೊಂಡು. ದಾರಿಯಲ್ಲಿನ ಕೆಲವು ಬಂಕ್‌ಗಳ ಜೊತೆ ರೇಟ್ ಮಾತಾಡಿ, ಡ್ರೈವರ್‌ಗಳು ಅಲ್ಲೇ ಇಂಧನ ಹಾಕಿಸಬೇಕು ಎಂದು ನಿಯಮ ಮಾಡಿದರು. ಹೊಸ ಡ್ರೈವರ್ ಬಂದರೆ ಹಳೇ ಡ್ರೈವರ್ ಕೈಗೆ ಒಪ್ಪಿಸುತ್ತಿದ್ದರು. ಹೊಸಬ ಮೊದಲ ವರ್ಷ ಅಪಘಾತ ಮಾಡದೆ ಮುಗಿಸಿದರೆ ಕಲಿಸಿದ ಹಿರಿಯನಿಗೆ ಒಂದು ತಿಂಗಳ ಸಂಬಳ ಬೋನಸ್. ಅಪಘಾತ ಕಡಿಮೆಯಾದರೆ ವಿಮೆ, ರಿಪೇರಿ ಎರಡರಲ್ಲೂ ದುಡ್ಡು ಉಳಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

1950ರ ದಶಕದಲ್ಲಿ ಹೆದ್ದಾರಿಗಳು ವಾಹನಗಳಿಂದ ಕಿಕ್ಕಿರಿದವು. ಟ್ರೇಲರ್‌ಗಳನ್ನು ಸಮುದ್ರದ ಮೇಲೆ ಸಾಗಿಸಿದರೆ ಅಗ್ಗ ಎಂದು ಮೆಕ್ಲೀನ್ ಯೋಚಿಸಿದರು. 1955ರಲ್ಲಿ ಒಂದು ಹಡಗು ಕಂಪನಿ ಕೊಂಡರು. ಲಾರಿ ಕಂಪನಿ, ಹಡಗು ಕಂಪನಿ ಎರಡನ್ನೂ ಒಬ್ಬರೇ ಇಟ್ಟುಕೊಳ್ಳಲು ಅಲ್ಲಿನ ಕಾನೂನು ಅಡ್ಡಿಯಾಗಿದ್ದರಿಂದ, 20 ವರ್ಷ ಕಟ್ಟಿ ಬೆಳೆಸಿದ ಲಾರಿ ವ್ಯವಹಾರವನ್ನೇ ಬಿಟ್ಟುಕೊಟ್ಟರು.

1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಹಡಗು 58 ಪೆಟ್ಟಿಗೆ ಹೊತ್ತು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಬಿಡಿ ಸರಕನ್ನು ಹಡಗಿಗೆ ತುಂಬಲು ಆಗ ಟನ್‌ಗೆ 5.83 ಡಾಲರ್ ಬೀಳುತ್ತಿತ್ತು. ಈ ಹಡಗಿನಲ್ಲಿ ಅದು 16 ಸೆಂಟ್‌ಗೂ ಕಡಿಮೆ, ಅಂದರೆ ಒಂದು ಡಾಲರ್‌ನ ಆರನೇ ಒಂದು ಪಾಲೂ ಇಲ್ಲ. ಇನ್ನೊಂದು ಕಡೆ, ಬಂದರುಗಳಲ್ಲಿ ಮೂಟೆ ಹೊತ್ತು ಬದುಕುತ್ತಿದ್ದ ಸಾವಿರಾರು ಹಮಾಲರ ಕೆಲಸ ಮುಂದೆ ಇದೇ ಪೆಟ್ಟಿಗೆಯಿಂದ ಹೋಯಿತು.

ಕೈ ಮೀರಿದ ಸಾಲ

1969ರಲ್ಲಿ ಮೆಕ್ಲೀನ್ ತಮ್ಮ ‘ಸೀ-ಲ್ಯಾಂಡ್’ ಕಂಪನಿಯನ್ನು ದೊಡ್ಡ ಮೊತ್ತಕ್ಕೆ ಮಾರಿದರು. ಅಲ್ಲಿಗೆ ನಿಲ್ಲಲಿಲ್ಲ. 1978ರಲ್ಲಿ ‘ಯುನೈಟೆಡ್ ಸ್ಟೇಟ್ಸ್ ಲೈನ್ಸ್’ ಕೊಂಡು, ದಕ್ಷಿಣ ಕೊರಿಯಾದಲ್ಲಿ 12 ಭಾರೀ ಹಡಗು ಕಟ್ಟಿಸಿದರು. ಇಂಧನ ದುಬಾರಿಯಾಗಿಯೇ ಇರುತ್ತದೆ ಎಂಬ ಲೆಕ್ಕದಲ್ಲಿ ಕಟ್ಟಿಸಿದ, ನಿಧಾನಕ್ಕೆ ಓಡುವ ಹಡಗುಗಳವು. ಆದರೆ ತೈಲ ಬೆಲೆ ಕುಸಿಯಿತು, ಬಾಡಿಗೆ ದರವೂ ಇಳಿಯಿತು. ಸಾಲದ ಕಂತು ಮಾತ್ರ ಇಳಿಯಲಿಲ್ಲ. 1986ರಲ್ಲಿ 100 ಕೋಟಿ ಡಾಲರ್‌ಗೂ ಹೆಚ್ಚು ಸಾಲದೊಂದಿಗೆ ಕಂಪನಿ ದಿವಾಳಿಯಾಯಿತು. ಸಾವಿರಾರು ಜನ ಕೆಲಸ ಕಳೆದುಕೊಂಡರು.

ಶುರುವಿನಲ್ಲಿ ಗಿರಾಕಿ ಕಡಿಮೆಯಾದಾಗ ಅವರ ಮೇಲೆ ಇದ್ದ ಹೊರೆ ಎರಡು-ಮೂರು ಗಾಡಿಯದು ಮಾತ್ರ. ತಾವೇ ಓಡಿಸಿ ಸುಧಾರಿಸಿಕೊಂಡರು. 1986ರಲ್ಲಿ ಆ ದಾರಿ ಇರಲಿಲ್ಲ. ಲೋಡ್ ಇರಲಿ ಬಿಡಲಿ, 12 ಹಡಗಿನ ಕಂತು ಬರುತ್ತಲೇ ಇತ್ತು. ಒಂದು ಗಾಡಿ ಕಂತಿಗೆ ತಗೊಂಡು ಓಡಿಸುವವರಿಗೂ ಈ ವ್ಯತ್ಯಾಸ ಚೆನ್ನಾಗಿ ಅರ್ಥವಾಗುತ್ತದೆ.

ಮೆಕ್ಲೀನ್ ಮನೆಯಲ್ಲಿ ಕೂರಲಿಲ್ಲ. 80ರ ಹತ್ತಿರದ ವಯಸ್ಸಿನಲ್ಲಿ ಮತ್ತೊಂದು ಸಣ್ಣ ಸಾಗಣೆ ಕಂಪನಿ ಶುರು ಮಾಡಿದರು. 2001ರ ಮೇ 25ರಂದು ನ್ಯೂಯಾರ್ಕ್‌ನಲ್ಲಿ 87ನೇ ವಯಸ್ಸಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಯ ಬೆಳಿಗ್ಗೆ ಜಗತ್ತಿನ ಬೇರೆ ಬೇರೆ ಕಡೆ ಕಂಟೇನರ್ ಹಡಗುಗಳು ಸೈರನ್ ಮೊಳಗಿಸಿ ಗೌರವ ಸಲ್ಲಿಸಿದವು.